ಬೀಳ್ಕೊಡುಗೆಯ ದಿನ ಹಿರಿಯರ ಮೂರು ವರ್ಷಗಳನ್ನು ಹೇಗೆ ನೆನೆಯಬೇಕು?

ಪ್ರಶ್ನೆ: ದ್ವಿತೀಯ ಬಿ.ಎ. ವಿದ್ಯಾರ್ಥಿನಿ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನಾನು ಮಡಿಕೇರಿಯ ಕಾಲೇಜೊಂದರಲ್ಲಿ ದ್ವಿತೀಯ ವರ್ಷದ ಬಿ.ಎ. ಓದುತ್ತಿದ್ದೇನೆ. ಅಂತಿಮ ವರ್ಷದವರನ್ನು ಬೀಳ್ಕೊಡುವ ಕಾರ್ಯಕ್ರಮವನ್ನು ದ್ವಿತೀಯ ವರ್ಷದವರೇ ನಡೆಸಿಕೊಡುವುದು ನಮ್ಮಲ್ಲಿ ಬಹುಕಾಲದ ರೂಢಿ. ಈ ಸಲ ಅದರ ಹೊಣೆಯನ್ನು ನನಗೂ ನನ್ನ ಇಬ್ಬರು ಸಹಪಾಠಿಗಳಿಗೂ ವಹಿಸಿದ್ದಾರೆ. ಹೊರಡಲಿರುವವರು ಒಟ್ಟು 47 ಮಂದಿ. ಆರನೆಯ ಸೆಮಿಸ್ಟರಿನ ಪರೀಕ್ಷೆ ಆರಂಭವಾಗುವುದಕ್ಕೆ ಮೊದಲು, ಮಳೆ ಹಿಡಿದುಕೊಳ್ಳುವುದಕ್ಕೂ ಮೊದಲು, ಒಂದು ದಿನವನ್ನು ಗೊತ್ತುಮಾಡಬೇಕಾಗಿದೆ.

ಕಳೆದ ವರ್ಷದ ಕಾರ್ಯಕ್ರಮವನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೆ. ಮುಖ್ಯ ಅತಿಥಿಗಳು ಬರುವುದು ಒಂದೂವರೆ ಗಂಟೆ ತಡವಾಯಿತು. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಅತಿಥಿಗಳ ಭಾಷಣ, ಅಧ್ಯಕ್ಷರ ಭಾಷಣ ಎಲ್ಲವೂ ಮುಗಿದು ಹೊರಡುವವರಿಗೆ ಮಾತನಾಡಲು ಅವಕಾಶ ಸಿಗುವ ಹೊತ್ತಿಗೆ ಸಂಜೆ ನಾಲ್ಕು ಗಂಟೆ ದಾಟಿತ್ತು. ಭಾಗಮಂಡಲದ ಕಡೆಯಿಂದ ಬರುತ್ತಿದ್ದ ಅಕ್ಕ ಒಬ್ಬರು ಎರಡು ಪುಟ ಬರೆದು ತಂದಿದ್ದರು. ತಮ್ಮ ಸರದಿ ಬರುವುದಿಲ್ಲವೆಂದು ತಿಳಿದಾಗ ಆ ಹಾಳೆಗಳನ್ನು ನಾಲ್ಕಾಗಿ ಮಡಚಿ ಚೀಲದಲ್ಲಿಟ್ಟುಕೊಂಡು ಬಸ್ಸಿಗೆ ಓಡಿದರು. ಗುಂಪಿನ ಫೋಟೋದಲ್ಲಿ ಉಳಿದದ್ದು ತರಗತಿಯ ಅರ್ಧದಷ್ಟು ಜನ ಮಾತ್ರ. ಆ ಹಾಳೆಗಳಲ್ಲಿ ಏನಿತ್ತೆಂಬುದು ಇಂದಿಗೂ ನನ್ನ ಮನಸ್ಸಿನಲ್ಲಿ ಸುಳಿಯುತ್ತಿರುತ್ತದೆ.

ಈ ವರ್ಷದ ಹಿರಿಯರ ಬಗ್ಗೆ ನನಗೆ ವಿಶೇಷವಾದ ಅಭಿಮಾನವಿದೆ. ಅವರು 2023ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮದಡಿ ಸೇರಿದವರು. 2024ರಲ್ಲಿ ಸೇರಿದ ನಮಗೆ ರಾಜ್ಯ ಶಿಕ್ಷಣ ನೀತಿಯ ಬೇರೆ ಪಠ್ಯಕ್ರಮ ಬಂದಿತು. ಹಿರಿಯರ ನೋಟ್ಸು ಕಿರಿಯರ ಕೈಗೆ ಇಳಿದು ಬರುವ ಪದ್ಧತಿ ಅಲ್ಲಿಗೆ ಕಡಿದುಹೋಗುತ್ತಿತ್ತು. ಆದರೆ ಇತಿಹಾಸ ವಿಭಾಗದ ಅಕ್ಕ ಒಬ್ಬರು ನಾಲ್ಕೈದು ಮಧ್ಯಾಹ್ನ ಗ್ರಂಥಾಲಯದಲ್ಲಿ ಕುಳಿತು, ನಮ್ಮ ಹೊಸ ಪಠ್ಯಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು, ತಮ್ಮ ನೋಟ್ಸಿನ ಅಂಚಿನಲ್ಲಿ ಎಲ್ಲೆಲ್ಲಿ ಹೊಂದುತ್ತದೆಯೋ ಅಲ್ಲಲ್ಲಿ ಪೆನ್ಸಿಲಿನಿಂದ ‘ಇದು ನಿಮಗೂ ಇದೆ’ ಎಂದು ಬರೆದುಕೊಟ್ಟರು. ಅಂಥವರನ್ನು ಒಂದು ಕೇಕು ಕತ್ತರಿಸಿ, ಒಂದು ಪ್ಲಾಸ್ಟಿಕ್ ಫಲಕ ಕೈಗಿತ್ತು ಕಳುಹಿಸಲು ಮನಸ್ಸು ಒಪ್ಪುತ್ತಿಲ್ಲ.

ನಮ್ಮ ತರಗತಿಯವರು ತಲಾ 250 ರೂಪಾಯಿ ಕೊಡಲು ಒಪ್ಪಿದ್ದಾರೆ. ಕೆಲವರು ಡಿಜೆ ಬೇಕೆನ್ನುತ್ತಾರೆ, ಕೆಲವರು ಎಲ್ಲರೂ ಕೊಡವ ಉಡುಪಿನಲ್ಲಿ ಬರಲಿ ಎನ್ನುತ್ತಾರೆ. ಅವರು ಇಲ್ಲಿ ಕಳೆದ ಮೂರು ವರ್ಷಗಳಿಗೆ ತಕ್ಕ ಗೌರವ ಸಲ್ಲುವಂತೆ ಆ ದಿನವನ್ನು ಹೇಗೆ ರೂಪಿಸಬೇಕು? ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1: ನಿವೃತ್ತ ಕನ್ನಡ ಅಧ್ಯಾಪಕ, ಮಡಿಕೇರಿ

ಮಗಳೇ, ನಿನ್ನ ಪ್ರಶ್ನೆಯನ್ನು ಎರಡು ಬಾರಿ ಓದಿದೆ. ಮಡಚಿಟ್ಟ ಆ ಹಾಳೆಗಳ ಸಂಗತಿ ನನ್ನನ್ನೂ ಕಾಡಿತು, ಏಕೆಂದರೆ ಅಂತಹ ವೇದಿಕೆಗಳ ಮೇಲೆ ಕುಳಿತು ದೀರ್ಘವಾಗಿ ಮಾತನಾಡಿದವರಲ್ಲಿ ನಾನೂ ಒಬ್ಬ.

ಮೊದಲು ಒಂದು ವಿಷಯವನ್ನು ನಿಮ್ಮ ಸಮಿತಿಯವರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ವಿಶ್ವವಿದ್ಯಾಲಯದ ಘಟಿಕೋತ್ಸವದಲ್ಲಿ ಸಾಮಾನ್ಯವಾಗಿ ವೇದಿಕೆ ಏರುವವರು ಡಾಕ್ಟರೇಟ್ ಪಡೆದವರು, ರ‍್ಯಾಂಕ್ ಮತ್ತು ಚಿನ್ನದ ಪದಕ ಗಳಿಸಿದವರು. ಉಳಿದ ಪದವೀಧರರ ಪ್ರಮಾಣಪತ್ರ ಕಾಲೇಜಿನ ಕಚೇರಿಗೆ ಬರುತ್ತದೆ. ಅವರು ಯಾವುದೋ ಒಂದು ದಿನ ಬಂದು, ವಹಿಯಲ್ಲಿ ಸಹಿ ಹಾಕಿ, ಅದನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟುಕೊಂಡು ಹೋಗುತ್ತಾರೆ. ಹೀಗಾಗಿ ತರಗತಿಯ ಬಹುಪಾಲು ಮಕ್ಕಳಿಗೆ ತಾವು ಪದವಿ ಪೂರೈಸಿದೆವೆಂದು ನಾಲ್ಕು ಜನರ ಮುಂದೆ ಹೇಳಿಸಿಕೊಳ್ಳುವ ಸಂದರ್ಭ ಬೀಳ್ಕೊಡುಗೆಯೊಂದೇ. ಅದನ್ನು ಅತಿಥಿಗಳ ಸಭೆಯನ್ನಾಗಿ ಮಾಡಿದರೆ ಮಕ್ಕಳ ಪಾಲಿಗೆ ಬೇರೆ ಯಾವ ಸಭೆಯೂ ಉಳಿಯುವುದಿಲ್ಲ.

ನಾನು ನಿವೃತ್ತಿಗೆ ಹಿಂದಿನ ವರ್ಷ ಮಾಡಿದ ಒಂದು ಕೆಲಸವನ್ನು ಹೇಳುತ್ತೇನೆ. ಬೀಳ್ಕೊಡುಗೆಯ ದಿನ ಮಾತನಾಡಲು ಕರೆದಾಗ ಭಾಷಣ ಮಾಡದೆ, ಆ ತರಗತಿಯ ಹಾಜರಿ ಪುಸ್ತಕವನ್ನು ತರಿಸಿದೆ. ಮೂರನೆಯ ವರ್ಷದ್ದಲ್ಲ, ಅವರು ಸೇರಿದ ಮೊದಲ ವರ್ಷದ ಪುಸ್ತಕ. ಅದರ ರಟ್ಟು ಮಳೆಗಾಲದ ತೇವಕ್ಕೆ ಉಬ್ಬಿಕೊಂಡಿತ್ತು, ಹಾಳೆಗಳ ಅಂಚಿಗೆ ಬೂಷ್ಟು ಹಿಡಿದಿತ್ತು. ಕ್ರಮಸಂಖ್ಯೆ ಒಂದರಿಂದ ಹೆಸರು ಕರೆಯತೊಡಗಿದೆ. ಮೊದಮೊದಲು ಮಕ್ಕಳು ನಕ್ಕರು. ಆಮೇಲೆ ಒಬ್ಬೊಬ್ಬರೂ ಎದ್ದು ನಿಂತು ‘ಹಾಜರ್ ಸರ್’ ಎಂದರು. ಹೀಗೆ ಸಾಗುವಾಗ ಕೆಂಪು ಶಾಯಿಯಲ್ಲಿ ಗೆರೆ ಎಳೆದಿದ್ದ ಒಂದು ಹೆಸರು ಬಂದಿತು. ಆ ಹುಡುಗ ಎರಡನೆಯ ಸೆಮಿಸ್ಟರಿನಲ್ಲೇ ಓದು ಬಿಟ್ಟು, ತಂದೆಯ ಕಾಯಿಲೆಯ ಸಾಲ ತೀರಿಸಲು ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ್ದ. ಮುಂದಿನ ಹೆಸರಿಗೆ ಹೋಗಬೇಕೋ ಕರೆಯಬೇಕೋ ಎಂದು ಒಂದು ಕ್ಷಣ ತಡೆದು, ಕರೆದೇಬಿಟ್ಟೆ. ಸಭೆಯಲ್ಲಿ ಸದ್ದಿರಲಿಲ್ಲ. ಅವನ ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯ ನಿಧಾನವಾಗಿ ಎದ್ದು, ‘ಅವನು ಕೆಲಸದಲ್ಲಿದ್ದಾನೆ ಸರ್, ಫೋನಿನಲ್ಲಿ ಕೇಳಿಸಿಕೊಳ್ಳುತ್ತಿದ್ದಾನೆ’ ಎಂದು ಕೈಯಲ್ಲಿದ್ದ ಮೊಬೈಲನ್ನು ಎತ್ತಿ ತೋರಿಸಿದ. ನನ್ನ ಅಧ್ಯಾಪನದ ವರ್ಷಗಳಲ್ಲಿ ಅಷ್ಟು ಅರ್ಥಪೂರ್ಣವಾಗಿ ನಾನು ಹಾಜರಿ ಕರೆದದ್ದು ಮತ್ತೆಂದೂ ಇಲ್ಲ.

ಆದ್ದರಿಂದ ನನ್ನ ಸಲಹೆಯೆಂದರೆ, ಆ 47 ಮಂದಿಯನ್ನು ಮಾತ್ರವಲ್ಲದೆ 2023ರಲ್ಲಿ ಅವರೊಂದಿಗೆ ಸೇರಿ ನಡುವೆ ನಿಂತುಹೋದವರನ್ನೂ ಹುಡುಕಿ ಆಹ್ವಾನಿಸಿ. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಇರುತ್ತಾರೆ, ಸೇನೆಗೆ ಆಯ್ಕೆಯಾಗಿ ಹೋದ ಹುಡುಗರು ಇರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಇದು ಪ್ರತಿ ತರಗತಿಯ ಕಥೆ. ಆದರೆ ಕರೆಯುವ ಮುನ್ನ ಅವರ ಒಪ್ಪಿಗೆ ಪಡೆಯಿರಿ. ಓದು ಬಿಟ್ಟದ್ದು ಎಲ್ಲರಿಗೂ ಸಭೆಯಲ್ಲಿ ಹೇಳಿಕೊಳ್ಳಬಹುದಾದ ವಿಷಯವಲ್ಲ.

ಅತಿಥಿಗಳು ಬೇಡವೆಂದು ನಾನು ಹೇಳಲಾರೆ. ಒಬ್ಬರು ಸಾಕು, ಹತ್ತು ನಿಮಿಷ ಸಾಕು, ಅದೂ ವಿದ್ಯಾರ್ಥಿಗಳು ಮಾತನಾಡಿದ ಮೇಲೆ. ಪ್ರಾಸ್ತಾವಿಕ ನುಡಿಯನ್ನು ನಿಮ್ಮಲ್ಲೇ ಒಬ್ಬರು ಆಡಿ, ಅದರಲ್ಲಿ ಈ ಊರಿನ ಕಾಲೇಜು ಶಿಕ್ಷಣದ ಹಿನ್ನೆಲೆಯನ್ನು ನಾಲ್ಕು ವಾಕ್ಯಗಳಲ್ಲಿ ಹೇಳಿದರೆ ಚೆನ್ನ. ಇಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರನ್ನು ಹೊತ್ತಿರುವ ಕಾಲೇಜು ಮಡಿಕೇರಿಯಲ್ಲಿ ಆರಂಭವಾದದ್ದು 1949ರಲ್ಲಿ. ಕಾರ್ಯಪ್ಪನವರು ಭಾರತೀಯ ಸೇನೆಯ ಮಹಾದಂಡನಾಯಕರಾದದ್ದೂ ಅದೇ ವರ್ಷದ ಜನವರಿ 15ರಂದು. ಆಗ ಕೊಡಗು ಮೈಸೂರು ರಾಜ್ಯಕ್ಕೆ ಸೇರಿರಲಿಲ್ಲ. ವಿಲೀನವಾದದ್ದು 1956ರ ನವೆಂಬರ್ 1ರಂದು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ನಮ್ಮ ಮಕ್ಕಳ ಅಂಕಪಟ್ಟಿ ಘಟ್ಟ ಹತ್ತಿ ಬರಬೇಕಾಗಿತ್ತು. 2023ರಲ್ಲಿ ಚಿಕ್ಕಅಳುವಾರದಲ್ಲಿ ಕೊಡಗು ವಿಶ್ವವಿದ್ಯಾಲಯ ಕಾರ್ಯಾರಂಭ ಮಾಡಿತು. ನಿನ್ನ ಹಿರಿಯರು ಕಾಲೇಜಿನ ಮೆಟ್ಟಿಲು ಹತ್ತಿದ್ದೂ ಅದೇ ವರ್ಷ ಎಂಬುದನ್ನು ಅವರಿಗೆ ನೆನಪಿಸಿದರೆ, ತಾವು ಒಂದು ದೊಡ್ಡ ಬದಲಾವಣೆಯ ಮೊದಲ ಸಾಲಿನವರೆಂಬುದು ಅವರಿಗೂ ತಿಳಿಯುತ್ತದೆ.

ಇನ್ನೊಂದು ಮಾತು. ಗಂಟೆ ಬಾರಿಸುವ ಅಟೆಂಡರ್, ಗ್ರಂಥಾಲಯದ ಸಹಾಯಕರು, ಬೆಳಗಿನ ಜಾವ ಬಂದು ಕೊಠಡಿ ಗುಡಿಸುವ ಅಮ್ಮ, ಇವರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸಬೇಡಿ. ಮಕ್ಕಳ ಹೆಸರು ನಮಗಿಂತ ಅವರಿಗೇ ಚೆನ್ನಾಗಿ ಗೊತ್ತಿರುತ್ತದೆ.

ಉತ್ತರ 2: 2018–21ನೇ ಸಾಲಿನ ಹಳೆಯ ವಿದ್ಯಾರ್ಥಿನಿ, ಮಾದಾಪುರ

ತಂಗಿ, ನಾನು ಬೀಳ್ಕೊಡುಗೆಯೇ ಇಲ್ಲದೆ ಹೊರಬಂದ ತರಗತಿಯವಳು. ಆ ದಿನ ಯಾಕೆ ಬೇಕು ಎಂಬುದನ್ನು ಅದು ಸಿಗದವರು ಹೇಳಿದರೆ ನಿಮ್ಮ ಸಮಿತಿಗೆ ಉಪಯೋಗವಾಗಬಹುದೆಂದು ಬರೆಯುತ್ತಿದ್ದೇನೆ.

ನಾವು ಸೇರಿದ್ದು 2018ರಲ್ಲಿ. ಒಬ್ಬರ ಮುಖ ಒಬ್ಬರಿಗೆ ಪರಿಚಯವಾಗುತ್ತಿದ್ದಂತೆಯೇ ಆಗಸ್ಟ್ ತಿಂಗಳ ನಡುವಿನಲ್ಲಿ ಬೆಟ್ಟಗಳು ಜಾರಿದವು. ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ ಎಂಬ ಊರುಗಳ ಹೆಸರನ್ನು ನಾಡಿಗೆ ನಾಡೇ ಟಿ.ವಿ.ಯಲ್ಲಿ ಕೇಳಿತು, ನಮಗೆ ಅವು ಪಕ್ಕದ ಬೆಂಚಿನವರ ಮನೆಗಳು. ತರಗತಿ ಮತ್ತೆ ಆರಂಭವಾದಾಗ ಕೆಲವರು ಪರಿಹಾರ ಕೇಂದ್ರದಿಂದ ಬರುತ್ತಿದ್ದರು. ನನ್ನ ಗೆಳತಿಯೊಬ್ಬಳು ಎಸ್.ಎಸ್.ಎಲ್.ಸಿ. ಅಂಕಪಟ್ಟಿಯನ್ನು ಮನೆಯ ಜೊತೆಗೇ ಮಣ್ಣಿನಲ್ಲಿ ಕಳೆದುಕೊಂಡಿದ್ದಳು. ಮರುವರ್ಷ, 2019ರ ಆಗಸ್ಟಿನಲ್ಲಿ, ಕಾವೇರಿ ಉಕ್ಕಿ ಸಿದ್ದಾಪುರದ ಕರಡಿಗೋಡಿನ ಕಡೆ ಮನೆಗಳು ಮುಳುಗಿದವು. ಅದರ ಮುಂದಿನ ಮಾರ್ಚಿನಲ್ಲಿ ಕೊರೊನಾದಿಂದಾಗಿ ಕಾಲೇಜೇ ಮುಚ್ಚಿತು. ಆನ್‌ಲೈನ್ ಪಾಠ ಕೇಳಲು ನಾನು ನಮ್ಮ ತೋಟದ ಮೇಲಿನ ಬಾಣೆಗೆ ಹತ್ತಿ, ಕೊಡೆಯನ್ನು ಹೆಗಲಿಗೆ ಒರಗಿಸಿಕೊಂಡು, ಜಿಗಣೆ ಕಿತ್ತುಹಾಕುತ್ತಾ ಕುಳಿತಿರುತ್ತಿದ್ದೆ. 2020ರ ನವೆಂಬರಿನಲ್ಲಿ ಕಾಲೇಜು ತೆರೆದಾಗ ಮುಖಗವಸು ಹಾಕಿಕೊಂಡು ಕೆಲವು ತಿಂಗಳು ಒಟ್ಟಿಗೆ ಕುಳಿತೆವು. ಎರಡನೆಯ ಅಲೆ ಬಂದು ಅದೂ ನಿಂತಿತು. ಕೊನೆಗೆ ಪರೀಕ್ಷೆ ಬರೆದು, ಅಂತರ ಕಾಯ್ದುಕೊಂಡು, ದೂರದಿಂದಲೇ ಕೈಬೀಸಿ ಮನೆಗೆ ಹೋದೆವು. ನಮ್ಮ ತರಗತಿಯ ಎಲ್ಲರೂ ಇರುವ ಒಂದೇ ಒಂದು ಚಿತ್ರವೂ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ಕೆಲವು ತಿಂಗಳ ನಂತರ ಅಂಕಪಟ್ಟಿ ತರಲು ಹೋಗಿದ್ದೆ. ನಮ್ಮ ಕಾಲೇಜಿನ ಮೊಗಸಾಲೆಯಲ್ಲಿ ಮಳೆಗಾಲದುದ್ದಕ್ಕೂ ಕೊಡೆಗಳ ಸಾಲೇ ಇರುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಗಿಲಾಗಿ ಮಳೆ ಸುರಿಯುವ ಊರಿನಲ್ಲಿ ಕೊಡೆಯಿಲ್ಲದೆ ಓದು ಸಾಗುವುದಿಲ್ಲ. ಅಟೆಂಡರ್ ಅಣ್ಣ ನನ್ನನ್ನು ನೋಡಿದವರೇ ‘ಸ್ವಲ್ಪ ನಿಲ್ಲಮ್ಮ’ ಎಂದು ಒಳಗೆ ಹೋಗಿ ಒಂದು ಕಪ್ಪು ಕೊಡೆಯನ್ನು ತಂದುಕೊಟ್ಟರು. ಒಂದು ಕಡ್ಡಿ ಮುರಿದಿತ್ತು, ಹಿಡಿಯ ಹತ್ತಿರ ತುಕ್ಕು ಹಿಡಿದಿತ್ತು. ಕಟ್ಟುವ ಪಟ್ಟಿಯ ಮೇಲೆ ನನ್ನ ಅವ್ವ ಕೆಂಪು ದಾರದಲ್ಲಿ ಹೊಲಿದಿದ್ದ ನನ್ನ ಹೆಸರಿನ ಮೊದಲ ಅಕ್ಷರವಿತ್ತು. ಮಾರ್ಚಿನಲ್ಲಿ ಮುಚ್ಚುವ ಮೊದಲು ಯಾವಾಗಲೋ ಮರೆತು ಹೋದದ್ದನ್ನು ಅವರು ಒಂದೂವರೆ ವರ್ಷ ಕಾಪಾಡಿ ಇಟ್ಟಿದ್ದರು. ಅದನ್ನು ಕೈಗೆ ಕೊಡುವಾಗ ‘ನಿಮ್ಮ ಬ್ಯಾಚಿನವರ ಕೊಡೆಗಳು ಇನ್ನೂ ಆರೇಳು ಇವೆ, ಎಲ್ಲರಿಗೂ ಹೇಳು’ ಎಂದರು. ನನಗೆ ಸಿಕ್ಕ ಬೀಳ್ಕೊಡುಗೆ ಅದೇ. ಗುರುಗಳು ಮೇಲೆ ಅಟೆಂಡರುಗಳ ಬಗ್ಗೆ ಬರೆದ ಮಾತನ್ನು ಓದುವಾಗ ಕಣ್ಣು ತುಂಬಿಬಂತು.

ಹಾಗಾಗಿ ನನ್ನ ಕೋರಿಕೆ ಒಂದೇ. ಗುಂಪಿನ ಫೋಟೋವನ್ನು ಕಾರ್ಯಕ್ರಮದ ಕೊನೆಗೆ ಇಡಬೇಡಿ, ಎಲ್ಲಕ್ಕಿಂತ ಮೊದಲು ತೆಗೆಸಿ. ಬೆಳಿಗ್ಗೆ ಎಲ್ಲರೂ ಬಂದ ಕೂಡಲೇ, ಮೆಟ್ಟಿಲುಗಳ ಮೇಲೆ ನಿಲ್ಲಿಸಿ ತೆಗೆಸಿಬಿಡಿ. ಅಚ್ಚು ಹಾಕಿಸಿದ ಪ್ರತಿಯನ್ನು ಪ್ರತಿಯೊಬ್ಬರಿಗೂ ಕೊಡಿ, ಅದರ ಹಿಂಭಾಗದಲ್ಲಿ ಸಾಲುಸಾಲಾಗಿ ಎಲ್ಲರ ಹೆಸರು ಬರೆಯಿಸಿ. ಮೊಬೈಲಿನಲ್ಲಿರುವ ಚಿತ್ರ ಮೊಬೈಲು ಕೆಟ್ಟಾಗ ಹೋಗುತ್ತದೆ. ಫಲಕಕ್ಕೆ ಹಾಕುವ ಹಣವನ್ನು ಇದಕ್ಕೆ ಬಳಸಿದರೆ ಸಾಕಾಗುತ್ತದೆ ಎಂದುಕೊಂಡಿದ್ದೇನೆ.

ಉತ್ತರ 3: ಅಂತಿಮ ವರ್ಷದ ವಿದ್ಯಾರ್ಥಿಯೊಬ್ಬನ ತಾಯಿ, ಸಿದ್ದಾಪುರ

ನಾನು ಅಂಗನವಾಡಿ ಕಾರ್ಯಕರ್ತೆ. ನನ್ನ ಯಜಮಾನರು ಕಾಫಿ ತೋಟದಲ್ಲಿ ಕೆಲಸ ಮಾಡುತ್ತಾರೆ. ನಾವು ಇರುವುದು ತೋಟದ ಲೈನ್ ಮನೆಯಲ್ಲಿ. ನನ್ನ ಮಗ ಈ ವರ್ಷ ಬೇರೊಂದು ಕಾಲೇಜಿನಲ್ಲಿ ಬಿ.ಕಾಂ. ಮುಗಿಸುತ್ತಿದ್ದಾನೆ. ನಮ್ಮ ಎರಡೂ ಕಡೆಯ ಕುಟುಂಬಗಳಲ್ಲಿ ಪದವಿಯವರೆಗೆ ಬಂದವನು ಇವನೇ ಮೊದಲಿಗ.

ಮೂರು ವರ್ಷ ಇವನು ಬೆಳಿಗ್ಗೆ ಆರೂಕಾಲಕ್ಕೆ ಮನೆ ಬಿಟ್ಟು ಬಸ್ಸು ಹಿಡಿದಿದ್ದಾನೆ. ಆನೆ ರಸ್ತೆಯಲ್ಲಿದೆಯೆಂದು ತಿಳಿದ ದಿನ ಅವನ ತಂದೆ ಟಾರ್ಚು ಹಿಡಿದು ಬಸ್ ನಿಲ್ದಾಣದವರೆಗೆ ಬಿಟ್ಟುಬಂದು, ಆಮೇಲೆ ಕೆಲಸಕ್ಕೆ ಹೋಗುತ್ತಿದ್ದರು. ಜನವರಿಯ ಕುಯಿಲಿನ ಸಮಯದಲ್ಲಿ ರಜೆ ಸಿಕ್ಕಿದರೆ ಮಗನೂ ಹಣ್ಣು ಕೊಯ್ಯಲು ಬರುತ್ತಿದ್ದ. ಪರೀಕ್ಷಾ ಶುಲ್ಕಕ್ಕೆ ಅದು ಆಗುತ್ತಿತ್ತು. ಆದರೂ ಅವನ ತಂದೆ ಇದುವರೆಗೆ ಕಾಲೇಜಿನ ಗೇಟಿನ ಒಳಗೆ ಕಾಲಿಟ್ಟಿಲ್ಲ. ಕರೆದವರಿಲ್ಲ, ಕೆಲಸ ಬಿಟ್ಟು ಹೋದರೆ ಆ ದಿನದ ಕೂಲಿಯೂ ಇಲ್ಲ.

ನೀವು ಮಾಡುವ ಕಾರ್ಯಕ್ರಮಕ್ಕೆ ತಂದೆ ತಾಯಿಯರನ್ನು ದಯವಿಟ್ಟು ಕರೆಯಿರಿ, ಮತ್ತು ಅದನ್ನು ಭಾನುವಾರ ಇಟ್ಟುಕೊಳ್ಳಿ. ಶುಕ್ರವಾರ ಮಾತ್ರ ಬೇಡವೇ ಬೇಡ. ಮಡಿಕೇರಿಯ ಸಂತೆಯ ದಿನವಾದ್ದರಿಂದ ಬಸ್ಸಿನಲ್ಲಿ ನಿಲ್ಲಲೂ ಜಾಗವಿರುವುದಿಲ್ಲ. ವೇದಿಕೆಗೆ ಕರೆದು ಹಾರ ಹಾಕಬೇಕೆಂದು ನಾವು ಕೇಳುವುದಿಲ್ಲ. ಮಕ್ಕಳು ಕೂರುತ್ತಿದ್ದ ಕೊಠಡಿಯನ್ನು, ಓದುತ್ತಿದ್ದ ಗ್ರಂಥಾಲಯವನ್ನು ಒಮ್ಮೆ ನಡೆದು ನೋಡಲು ಬಿಟ್ಟರೆ ಅಷ್ಟೇ ಸಾಕು. ಅವನು ಎಲ್ಲಿ ಕೂರುತ್ತಿದ್ದನೆಂದು ನಾನು ಎಷ್ಟೋ ಸಲ ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದೇನೆ.

ಉತ್ತರ 4: ಹಳೆಯ ವಿದ್ಯಾರ್ಥಿ, ಕುಶಾಲನಗರ

ಡಿಜೆ ಮತ್ತು ಉಡುಪಿನ ಬಗ್ಗೆ ಯಾರೂ ಬರೆಯದ ಕಾರಣ ನಾನು ಹೇಳುತ್ತೇನೆ. ಕುಣಿತ ಇರಲೇಬೇಕು, ಮೂರು ವರ್ಷ ಒಟ್ಟಿಗಿದ್ದವರು ಕುಣಿಯದೆ ಹೋಗಬಾರದು. ಆದರೆ ಅದಕ್ಕೆ ಡಿಜೆಯವರಿಗೆ ಸಾವಿರಾರು ರೂಪಾಯಿ ಕೊಡುವುದು ಬೇಡ. ವಾಲಗದವರನ್ನು ಕರೆಯಿಸಿ. ನಮ್ಮ ಜಿಲ್ಲೆಯಲ್ಲಿ ವಾಲಗದ ಸದ್ದು ಕೇಳಿದ ಮೇಲೆ ಕೈ ಮೇಲೆತ್ತದೆ ನಿಲ್ಲುವವರು ಕಡಿಮೆ. ಮದುವೆ ಮನೆಗಳಲ್ಲಿ ಅಜ್ಜಿಯರೂ ಮೊಮ್ಮಕ್ಕಳೂ ಒಂದೇ ಸುತ್ತಿನಲ್ಲಿ ಕುಣಿಯುವುದನ್ನು ನೀವೆಲ್ಲ ನೋಡಿಯೇ ಇದ್ದೀರಿ. ಅಮ್ಮನವರು ಹೇಳಿದಂತೆ ಹೆತ್ತವರೂ ಬರುವುದಾದರೆ ಅವರಿಗೂ ಅದು ಒಗ್ಗುತ್ತದೆ.

ಉಡುಪಿನ ವಿಷಯದಲ್ಲಿ ಸ್ವಲ್ಪ ಎಚ್ಚರಿಕೆ ಬೇಕು. ನಾನು ಕೊಡವನೇ. ಕುಪ್ಯ, ಚೇಲೆ, ಪೀಚೆಕತ್ತಿ ನಮಗೆ ಮದುವೆ, ಹಬ್ಬ, ಮನೆತನದ ಕಾರ್ಯಗಳಲ್ಲಿ ಧರಿಸುವ ಗೌರವದ ಉಡುಪು. ಅದನ್ನು ಎಲ್ಲರಿಗೂ ಕಡ್ಡಾಯ ಮಾಡುವುದು ಉಡುಪಿಗೂ ಸಲ್ಲದು, ತೊಡುವವರಿಗೂ ಸಲ್ಲದು. ನಿಮ್ಮ ತರಗತಿಯಲ್ಲಿ ಅರೆಭಾಷೆ ಆಡುವ ಗೌಡರ ಮಕ್ಕಳಿದ್ದಾರೆ, ಬ್ಯಾರಿ, ಮಲಯಾಳ, ತುಳು ಆಡುವವರಿದ್ದಾರೆ, ಯರವ ಮತ್ತು ಕುರುಬ ಸಮುದಾಯದ ಮಕ್ಕಳಿರಬಹುದು. ಅವರವರ ಮನೆಯಲ್ಲಿ ಹಬ್ಬಕ್ಕೆ ಏನು ಉಡುತ್ತಾರೋ ಅದನ್ನೇ ಉಟ್ಟು ಬರಲಿ. ಬಾಡಿಗೆಗೆ ತರಬೇಕಾದ ಉಡುಪನ್ನು ನಿಗದಿ ಮಾಡಿದರೆ, ಹಣವಿಲ್ಲದವರು ಜ್ವರವೆಂದು ಹೇಳಿ ಆ ದಿನ ಬರುವುದಿಲ್ಲ. ನಮ್ಮ ತರಗತಿಯಲ್ಲಿ ಹಾಗೆಯೇ ಇಬ್ಬರು ಬರಲಿಲ್ಲ. ಕಾರಣ ನಮಗೆ ತಿಳಿದದ್ದು ಬಹಳ ತಡವಾಗಿ.

ಊಟಕ್ಕೂ ಇದೇ ಮಾತು. ಅಕ್ಕಿರೊಟ್ಟಿ, ನೂಪುಟ್ಟು, ತರಕಾರಿ ಸಾರು, ಕೋಳಿ ಸಾರು ಇದ್ದರೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣಬಹುದು. ಹಂದಿ ಮಾಂಸದ ಊಟವನ್ನು ಯಾರಾದರೂ ತಮ್ಮ ಮನೆಯಲ್ಲಿ ಬೇರೆ ದಿನ ಮಾಡಿ ಕರೆಯಲಿ.

ಪ್ರಶ್ನೆ ಕೇಳಿದವರಿಂದ

ಗುರುಗಳಿಗೆ, ಅಕ್ಕನಿಗೆ, ಅಮ್ಮನಿಗೆ, ಅಣ್ಣನಿಗೆ ನಮಸ್ಕಾರಗಳು. ನಿನ್ನೆ ಮಧ್ಯಾಹ್ನ ನಿಮ್ಮ ಉತ್ತರಗಳನ್ನೆಲ್ಲ ಸಮಿತಿಯಲ್ಲಿ ಗಟ್ಟಿಯಾಗಿ ಓದಿದೆ. ನಮ್ಮ ಅಧ್ಯಾಪಕರೂ ಬಂದು ಕುಳಿತು ಕೇಳಿದರು.

ದಿನವನ್ನು ಭಾನುವಾರಕ್ಕೆ ಬದಲಾಯಿಸಿದ್ದೇವೆ. ಬೆಳಿಗ್ಗೆ ಹತ್ತು ಗಂಟೆಗೆ, ಎಲ್ಲಕ್ಕಿಂತ ಮೊದಲು, ಫೋಟೋ. ಅಚ್ಚು ಹಾಕಿಸುವ ಖರ್ಚಿಗಾಗಿ ಫಲಕಗಳನ್ನು ಕೈಬಿಟ್ಟಿದ್ದೇವೆ. ಆನಂತರ ಹಾಜರಿ. 2023ರ ಹಾಜರಿ ಪುಸ್ತಕ ಕಚೇರಿಯಲ್ಲಿ ಸಿಕ್ಕಿದೆ, ಅದರಲ್ಲಿ 56 ಹೆಸರುಗಳಿವೆ. ಉಳಿದ ಒಂಬತ್ತು ಮಂದಿಯಲ್ಲಿ ಆರು ಮಂದಿಯ ಸಂಪರ್ಕ ಸಿಕ್ಕಿತು. ನಾಲ್ವರು ಬರುತ್ತೇವೆಂದಿದ್ದಾರೆ, ಒಬ್ಬರು ಜಮ್ಮುವಿನಲ್ಲಿ ಕರ್ತವ್ಯದಲ್ಲಿದ್ದು ಫೋನಿನಲ್ಲಿ ಸೇರುತ್ತಾರೆ, ಒಬ್ಬರು ತಮ್ಮ ಹೆಸರನ್ನು ಕರೆಯುವುದು ಬೇಡವೆಂದು ಕೇಳಿಕೊಂಡಿದ್ದಾರೆ. ಅವರ ಮಾತಿನಂತೆಯೇ ನಡೆದುಕೊಳ್ಳುತ್ತೇವೆ. ಹೆಸರು ಕರೆಯಲು ಅಟೆಂಡರ್ ಅಣ್ಣನನ್ನೇ ಒಪ್ಪಿಸಿದ್ದೇವೆ. ಅವರು ಮೊದಲು ‘ನನಗೆ ಮೈಕು ಹಿಡಿದು ಅಭ್ಯಾಸವಿಲ್ಲ’ ಎಂದು ಹಿಂದೆ ಸರಿದರು. ಈಗ ದಿನವೂ ಗಂಟೆ ಬಾರಿಸಿದ ಮೇಲೆ ಪಟ್ಟಿಯನ್ನು ತೆಗೆದು ಓದಿಕೊಳ್ಳುತ್ತಿದ್ದಾರೆ.

ಹೊರಡುವ ಪ್ರತಿಯೊಬ್ಬರಿಗೂ ಮೂರು ನಿಮಿಷ ಮಾತನಾಡಲು ಸಮಯ ಇಟ್ಟಿದ್ದೇವೆ. ಮೈಕಿನ ಮುಂದೆ ನಿಲ್ಲಲು ಸಂಕೋಚವಿರುವವರು ಬರೆದು ಕೊಟ್ಟರೆ ನಮ್ಮಲ್ಲಿ ಒಬ್ಬರು ಓದುತ್ತಾರೆ. ಊಟದ ಹೊತ್ತಿಗೆ ಹೆತ್ತವರಿಗೆ ಕೊಠಡಿಗಳನ್ನೂ ಗ್ರಂಥಾಲಯವನ್ನೂ ತೋರಿಸಲು ಪ್ರಾಂಶುಪಾಲರು ಅನುಮತಿ ಕೊಟ್ಟಿದ್ದಾರೆ. ವಾಲಗ ಮೂರು ಗಂಟೆಗೆ, ದೂರದ ಬಸ್ಸುಗಳು ಹೊರಡುವುದಕ್ಕೆ ಸಾಕಷ್ಟು ಮುಂಚೆ.

ಕಳೆದ ವರ್ಷ ಮಾತನಾಡಲಾಗದೆ ಹೋದ ಭಾಗಮಂಡಲದ ಅಕ್ಕನಿಗೆ ಮೊನ್ನೆ ಕರೆ ಮಾಡಿದ್ದೆ. ಆ ಎರಡು ಹಾಳೆಗಳು ಇನ್ನೂ ಅವರ ಬಳಿ ಇವೆಯಂತೆ. ತಂದು ಓದುತ್ತೇನೆಂದು ಒಪ್ಪಿಕೊಂಡಿದ್ದಾರೆ.

ಮಾದಾಪುರದ ಅಕ್ಕ, ನಮ್ಮ ಮೆಟ್ಟಿಲುಗಳ ಮೇಲೆ ಜಾಗ ಸಾಕಷ್ಟಿದೆ. ನಿಮ್ಮ ತರಗತಿಯವರಲ್ಲಿ ಎಷ್ಟು ಮಂದಿ ಬರಲು ಸಾಧ್ಯವೋ ಅಷ್ಟೂ ಮಂದಿಯನ್ನು ಕರೆದುಕೊಂಡು ಹತ್ತು ಗಂಟೆಯ ಒಳಗೆ ಬನ್ನಿ; ನಮ್ಮ ಹಿರಿಯರ ಫೋಟೋ ಮುಗಿದ ಕೂಡಲೇ ಅದೇ ಛಾಯಾಗ್ರಾಹಕರು ನಿಮ್ಮದನ್ನೂ ತೆಗೆಯುತ್ತಾರೆ. ಊಟಕ್ಕೆ ಎಷ್ಟು ಎಲೆ ಹೆಚ್ಚಿಗೆ ಹಾಕಬೇಕೆಂಬುದನ್ನು ಗುರುವಾರದೊಳಗೆ ತಿಳಿಸಿದರೆ ಅಡುಗೆಯವರಿಗೆ ಹೇಳುತ್ತೇನೆ.